ಎದುರುಮನೆಯ ಹಸು, ಅವ್ವನ ಕಣ್ಣು

"ಅಬ್ಬಾ, ಏನು ಕೆಚ್ಚಲವ್ವಾ ಇದು!" ಎಂದು ನಮ್ಮವ್ವ ಎದುರುಮನೆಯ ಹಸುವನ್ನು ಬಾಯ್ತುಂಬ ಹೊಗಳಿದ್ದೇ ತಪ್ಪಾಯಿತು. ವಾರದೊಳಗೆ ಹಾಲು ಇಳಿಯಿತು. ಗಬ್ಬದ ಹಸು ಹಾಲು ಕಡಿಮೆ ಮಾಡುವುದು ಹೊಸ ಸಂಗತಿಯೇನಲ್ಲ. ಆದರೆ ಕುಶಾಲನಗರದ ಪಕ್ಕದ ನಮ್ಮ ಬೀದಿಗೆ ಅಷ್ಟು ಸಾದಾ ಕಾರಣ ರುಚಿಸಲಿಲ್ಲ. ಅವ್ವ ಮಾಟ ಮಾಡಿದ್ದಾಳೆಂದು ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತು. ಯಾರೋ ನಿಂಬೆಹಣ್ಣಿನ ಚಿತ್ರ ಹಾಕಿ ಕೈಮುಗಿದರು.

ಅವ್ವನನ್ನು ಯಾರೂ ಬೈಯಲಿಲ್ಲ. ಅವಳ ಕೈಯಿಂದ ಏನನ್ನೂ ತಿನ್ನುವುದು ಬಿಟ್ಟರು, ಅಷ್ಟೇ. ಹಾಸನದಿಂದ ಬಂದು ಇಲ್ಲಿ ನೆಲೆಸಿದ ಮೇಲೆ, ಬಸ್ಸಾರು ಮಾಡಿದರೆ ಬೀದಿಗೆಲ್ಲ ಹಂಚಿಯೇ ಉಣ್ಣುತ್ತಿದ್ದವಳು ಅವಳು. ಎದುರುಮನೆಯಾಕೆಯಂತೂ ಬಟ್ಟಲು ಹಿಡಿದು ತಾನೇ ಬಂದುಬಿಡುತ್ತಿದ್ದಳು. ಈಗ ಉಳಿದ ಸಾರನ್ನು ಅವ್ವ ಮತ್ತೆ ಮತ್ತೆ ಬಿಸಿ ಮಾಡಿ, ಕೊನೆಗೆ ಚೆಲ್ಲುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾಲೇಜು ಓದುವ ನನ್ನ ಮಗಳು ಅಜ್ಜಿಗೆ ಸಮಾಧಾನ ಹೇಳಲು ಹೊರಟಳು. ಹಿಂದಿನ ಕಾಲದ ಸ್ಕಾಟ್ಲೆಂಡಿನಲ್ಲಿ, ಹಸುವಿನ ಹಾಲು ನಿಂತರೂ ಮಾಟದ ಆಪಾದನೆ ಹೊರಿಸಿ ಹೆಂಗಸರನ್ನು ಕೊಂದು ಸುಡುತ್ತಿದ್ದರಂತೆ. ಅವ್ವ ಸೊಪ್ಪು ಬಿಡಿಸುತ್ತಲೇ ಕೇಳಿದಳು:

"ಸುಟ್ಟ ಮ್ಯಾಕೆ ಹಸ ಹಾಲು ಕೊಡ್ತಂತಾ?"

ಮಗಳು ಫೋನು ತೆಗೆದು ಹುಡುಕತೊಡಗಿದಳು.

ಕೊನೆಗೆ ಎದುರುಮನೆಯಾಕೆ ಸಿದ್ದಾಪುರದ ಕಡೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದಳು. ಮಾಟ ತೆಗೆಯುವವರೆಗೆ ಆಕೆಯ ಮನೆಯಲ್ಲಿ ಒಲೆ ಹಚ್ಚಕೂಡದು ಎಂದು ಅವನು ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ. ತನ್ನ ಹೊಟ್ಟೆಯ ಗತಿಯೇನೆಂದು ಮಹಾಶಯ ಯೋಚಿಸಿರಲಿಲ್ಲ. ಮಧ್ಯಾಹ್ನ, ಮಾಟ ಹೂತ ಜಾಗ ಹುಡುಕುತ್ತ ಬೀದಿಗಿಳಿದ. ಹಿಂದೆ ಅರ್ಧ ಬೀದಿ. ನಮ್ಮ ಬಾಗಿಲಿಗೆ ಬಂದವನೇ ಕಣ್ಣು ಮುಚ್ಚಿ ಮೂಗು ಅರಳಿಸಿದ. ಜನ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಪೊರಕೆ ಎಲ್ಲಿದೆ ಎಂದು ನೋಡಿದೆ.

"ಅಮ್ಮಾ, ಬಸ್ಸಾರಾ? ಊಟ ಉಂಟಾ?" ಎಂದ.

"ಸ್ವಾಮೀ, ಮಾಟ ಮಾಡಿದ್ದು ಆ ಮನೇರೇ!" ಎಂದು ಎದುರುಮನೆಯಾಕೆ ಚೀರಿದಳು.

"ಇರ್ಲಿ ಅಕ್ಕಾ. ಹಸಿವು ನಂದಲ್ವಾ?"

ಜಗಲಿಯಲ್ಲಿ ಕೂತು ಎರಡು ಮುದ್ದೆ ಮುಗಿಸಿದ. ಬೀದಿಯವರು ಅವನು ಬೀಳುವುದನ್ನೇ ಕಾದರು. ಅವನು ತೇಗಿ, ಮಜ್ಜಿಗೆ ಕೇಳಿದ.

ಅವ್ವ ಗೆದ್ದವಳಂತೆ ಬೀಗಬಹುದಿತ್ತು. ನಾನಾಗಿದ್ದರೆ ಖಂಡಿತ ಬೀಗುತ್ತಿದ್ದೆ. ಅವಳು ಇನ್ನೊಂದು ತಟ್ಟೆಗೆ ಬಡಿಸಿಕೊಂಡು ಹೋಗಿ ಎದುರುಮನೆಯಾಕೆಯ ಮುಂದೆ ಹಿಡಿದಳು.

"ನೀನೂ ಬೆಳಗಿಂದ ಉಂಡಿಲ್ವಲ್ಲ. ತಗೋ ಮಗಾ."

ಆಕೆ ಮಂತ್ರವಾದಿಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ನಿಂತಲ್ಲೇ ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ಇನ್ನೊಂದು. ತಲೆ ಎತ್ತದೆ ಹೇಳಿದಳು:

"ಉಪ್ಪು ಒಂಚೂರು ಕಮ್ಮಿ ಆಗೈತೆ, ದೊಡ್ಡವ್ವ."

ತನ್ನ ಸಾರಿನಲ್ಲಿ ಕೊಂಕು ತೆಗೆದವರನ್ನು ಅವ್ವ ಜನ್ಮದಲ್ಲಿ ಸಹಿಸಿದವಳಲ್ಲ. ಅವತ್ತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಉಪ್ಪು ತರಲು ಒಳಗೆ ಓಡಿದಳು.