ನಿಲ್ಲದೆ ಓದಿದ ಮೀನಾ

ಫೆಬ್ರವರಿಯ ಆ ಸಂಜೆ ಪೋಲಮ್ಮ ಹೊಸಿಲ ಪಕ್ಕ ಚಪ್ಪಡಿ ಕಲ್ಲಿನ ಮುಂದೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಸಣ್ಣ ಸುತ್ತಿಗೆ ಬಿದ್ದಂತೆ ಬೀಜ ಹೊರಗೆ ಹಾರುತ್ತಿತ್ತು. ಹಿಂದೂಪುರದ ಮಂಡಿಯಿಂದ ಹಣ್ಣು ತಂದು ಬೀಜ ಬಿಡಿಸಿಕೊಡುವುದು ಅವಳ ಕಸುಬು. ಪಕ್ಕದಲ್ಲಿ ಒಂಬತ್ತನೇ ತರಗತಿಯ ಮಗಳು ಮೀನಾ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು.

"ಅಬ್ಬೋ, ರೇಡಿಯೋ ಇದ್ದಂಗವ್ಳಲ್ಲಮ್ಮ!" ಎಂದಳು ಎದುರು ಮನೆಯ ಕರಿಬಸಮ್ಮ. "ಕಲೆಕ್ಟ್ರಮ್ಮ ಆದ್ಮೇಲೆ ನಮ್ ಬೀದೀಗೆ ಬತ್ತಾಳಾ?"

"ಬತ್ತಾಳೆ ಕಣಮ್ಮ, ಮೊದ್ಲು ನಿನ್ ಮನೆ ಮುಂದ್ಲ ಮೋರಿ ಕಸ ತೆಗ್ಸಾಕೆ," ಎಂದಳು ಪೋಲಮ್ಮ.

ಕಂಬದೂರಿನಲ್ಲಿ ಕುರಿ ಕಾಯ್ದು ಬೆಳೆದ ಪೋಲಮ್ಮನಿಗೆ ಓದು ಬರದು. ಆದರೂ ಮಗಳನ್ನು ಓದಲು ಕೂರಿಸುವುದನ್ನು ಅವಳು ಒಂದು ಸಂಜೆಯೂ ತಪ್ಪಿಸಿರಲಿಲ್ಲ. ದನಿ ಸರಾಗ ಹರಿದರೆ ಓದು ಬಂದಿದೆ, ನಿಂತರೆ ಮೈಗಳ್ಳತನ ಎಂದು ಅವಳು ತಿಳಿದಿದ್ದಳು. ನಿಂತಾಗಲೆಲ್ಲ ಸುತ್ತಿಗೆಯ ಹಿಡಿ ಮೀನಾಳ ಮೊಣಕಾಲಿಗೆ ಬೀಳುತ್ತಿತ್ತು. ಮೂರನೇ ತರಗತಿಯ ಹೊತ್ತಿಗೆ ಮೀನಾ ನಿಲ್ಲುವುದನ್ನು ಬಿಟ್ಟಳು.

ಆ ವಾರ ಪೋಷಕರ ಸಭೆಯಲ್ಲಿ ಪೋಲಮ್ಮ ತಾನಾಗಿಯೇ ಕೇಳಿದಳು: "ಒಂದ್ಕಿತ ಓದ್ಸಿ ನೋಡಿ ಮೇಡಂ."

ಆ ವರ್ಷವಷ್ಟೇ ಬಂದಿದ್ದ ಶಿಕ್ಷಕಿ ಭ್ರಮರಾಂಬ ಓದಿಸಿದರು. ಮೀನಾ ಪುಟ ಮುಗಿಸಿದಳು. ಶಿಕ್ಷಕಿ ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು, ಇದೇನು ಎಂದರು. ಮೀನಾ ಪಾಠವನ್ನು ಮತ್ತೆ ಮೊದಲಿನಿಂದ ಶುರು ಮಾಡಿದಳು. ಇನ್ನೂ ಕಲಿಸದ ಪುಟ ತೆರೆದಾಗ ಬಾಯಿ ಮುಚ್ಚಿಕೊಂಡಳು. ತರಗತಿಯಲ್ಲಿ ಎಲ್ಲರೂ ಒಟ್ಟಾಗಿ ಹೇಳುವುದನ್ನು ಕಿವಿಯಲ್ಲೇ ಹಿಡಿದು ಅವಳು ಇಷ್ಟು ವರ್ಷ ಒಪ್ಪಿಸಿದ್ದಳು.

"ಒಂದ್ಸಲಾನೂ ತಡವರಿಸ್ಲಿಲ್ವಲ್ಲ ಮೇಡಂ ಇವ್ಳು!"

"ಅದೇ ತೊಂದ್ರೆ ಪೋಲಮ್ಮ. ಅಕ್ಷರ ಕೂಡಿಸೋವಾಗ ಮಕ್ಳು ತಡವರಿಸ್ತಾರೆ. ನಿಲ್ಲೋಕೆ ಬಿಡಿ. ಸ್ಕೂಲ್ ಬಿಟ್ಮೇಲೆ ನಾನು ಮೊದ್ಲಿಂದ ಕಲಿಸ್ತೀನಿ. ಹತ್ತನೇ ಕ್ಲಾಸ್ ಪರೀಕ್ಷೆಗೆ ಇನ್ನೂ ಟೈಮಿದೆ."

ಅಂದು ಸಂಜೆ ಪೋಲಮ್ಮ ಸುತ್ತಿಗೆಯನ್ನು ಪಕ್ಕಕ್ಕಿಟ್ಟಳು. "ಒಂದೊಂದೇ ಪದ ನಿಂತ್ನಿಂತು ಓದವ್ವ. ಹೊಡೆಯಾಕಿಲ್ಲ."

ಮೀನಾ ಮೊದಲ ಪದದ ಮೇಲೆ ಬೆರಳಿಟ್ಟಳು. ದನಿ ಹೊರಡಲಿಲ್ಲ. ಪೋಲಮ್ಮ ಕಾದಳು. ಕಾದು ಸಾಕಾಗಿ ಬುಟ್ಟಿಯ ಹಣ್ಣಿಗೆ ಕೈ ಚಾಚಿದಳು, ಅಷ್ಟೇ. ಮೀನಾ ಮೊಣಕಾಲು ಎಳೆದುಕೊಂಡು ಬಾಯಿಗೆ ಬರುತ್ತಿದ್ದ ಪಾಠವನ್ನು ಒಂದೇ ಉಸಿರಿಗೆ ಶುರು ಮಾಡಿದಳು.

ಶಿಕ್ಷಕಿಯ ಬಳಿ ಅವಳು ಕೆಲವು ದಿನ ಕೂತಳು. ತರಗತಿಯ ಹುಡುಗಿಯರು ಕಿಟಕಿಯಲ್ಲಿ ನಿಂತು 'ಅಂಗನವಾಡಿ ಪಾಪ' ಎಂದು ಕೂಗಿದ ಮೇಲೆ ಹೋಗಲಿಲ್ಲ.

"ನಂಗೆ ಓದೋದೇ ಬ್ಯಾಡ ಕಣಮ್ಮ. ನೀನು ಕೇಳ್ತೀಯಂತ ಓದ್ತಿದ್ದೆ," ಎಂದು ತಾಯಿಗೆ ಹೇಳಿದಳು.

ಬೇಸಿಗೆಗೆ ಕಲ್ಯಾಣದುರ್ಗದ ದೊಡ್ಡಮ್ಮನ ಮನೆಗೆ ಹೋದ ಮೀನಾ ಮರಳಿಲ್ಲ. ಶಾಲೆ ಪ್ರತಿ ವರ್ಷದಂತೆ ಅವಳನ್ನು ತೇರ್ಗಡೆ ಮಾಡಿ ಹತ್ತನೇ ತರಗತಿಗೆ ಕಳಿಸಿದೆ. ಜೂನ್‌ನಿಂದ ಅವಳು ಅಲ್ಲಿನ ಹೊಲಿಗೆ ಅಂಗಡಿಯೊಂದರಲ್ಲಿ ರವಿಕೆಗೆ ಹುಕ್ಕು ಹಾಕುತ್ತಿದ್ದಾಳೆ.