ಮೂರನೇ ಕೂಗಿಗೆ ಮುಂಚೆ

ಬೆಳಗಿನ ಆರೂವರೆ. ಕೌಟುಂಬಿಕ ನ್ಯಾಯಾಲಯದ ಮೊದಲ ಮಹಡಿಯ ವರಾಂಡದಲ್ಲಿ ಬೆಂಚು ಎಳೆಯುವ ಕರ್ಕಶ ಸದ್ದು. ಸಂಜೆ ಕಸ ಗುಡಿಸುವವರು ಎದುರುಬದುರಾಗಿ ಇಟ್ಟುಹೋದ ಆರು ಬೆಂಚುಗಳನ್ನು ಅಟೆಂಡರಮ್ಮ ಒಬ್ಬರೇ ತಿರುಗಿಸುತ್ತಿದ್ದಾರೆ. ಮೂರು ಕಿಟಕಿಯ ಕಡೆಗೆ, ಮೂರು ಗೋಡೆಯ ಕಡೆಗೆ. "ಹೊಡೆದೋನ ಮುಖ ನೋಡ್ಕೊಂಡು ಗಂಟೆಗಟ್ಟಲೆ ಕೂತ್ಕೊಳ್ಳೋಕಾಗುತ್ತಾ ಸಾರ್? ಒಳಗೆ ಹೋಗೋ ಹೊತ್ತಿಗೆ ಬಾಯೇ ಕಟ್ಟೋಗಿರುತ್ತೆ" ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾ ಬೆವರು ಒರೆಸಿಕೊಳ್ಳುತ್ತಾರೆ. ಈ ಕೆಲಸ ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ.

ಅವರ ನಿಜವಾದ ಕೆಲಸ ಕೂಗುವುದು. ಇಪ್ಪತ್ತಾರು ವರ್ಷಗಳಿಂದ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು ದಿನಕ್ಕೆ ನಲವತ್ತು, ಐವತ್ತು ಪ್ರಕರಣದವರನ್ನು ಹೆಸರು ಹಿಡಿದು ಕರೆಯುತ್ತಾರೆ, ಒಬ್ಬೊಬ್ಬರನ್ನು ಮೂರು ಸಲ. ಅರ್ಜಿ ಹಾಕಿದವಳು ಮೂರನೇ ಕೂಗಿಗೂ ಬರದಿದ್ದರೆ ಅರ್ಜಿ ವಜಾ ಆಗಬಹುದು. "ಊಟಕ್ಕೂ ಮೂರು ಸಲ ಕೂಗಿ, ಬರದಿದ್ರೆ ತಟ್ಟೆ ಎತ್ತಿಡ್ತಾಳೆ ಅಂತ ನಮ್ಮನೆಯವರು ಆಡ್ಕೋತಾರೆ" ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹನ್ನೊಂದು ವರ್ಷಗಳ ಹಿಂದೆ, ಗಂಡನ ಏಟು ತಾಳದೆ ಮನೆ ಬಿಟ್ಟ ಟೈಲರ್ ಹೆಂಗಸೊಬ್ಬಳು ರಕ್ಷಣೆ ಕೋರಿ ಅರ್ಜಿ ಹಾಕಿದ್ದಳು. ವಿಚಾರಣೆಯ ದಿನ ಎರಡು ಕೂಗಿಗೂ ಅವಳ ಸುಳಿವಿಲ್ಲ. ಅದೇ ಹೆಸರಿನ ಇನ್ನೊಬ್ಬಳು ಬಂದು ನಿಂತು ಗೊಂದಲ ಬೇರೆ. ಅರ್ಜಿ ಬಿದ್ದುಹೋದೀತೆಂಬ ಗಾಬರಿಯಲ್ಲಿ, ಹಿಂದಿನ ಸಲ ಆಕೆ ನಂಬಿ ಹೇಳಿದ್ದ ಜಾಗವನ್ನು ಸೇರಿಸಿ ಅಟೆಂಡರಮ್ಮ ಕೂಗಿಬಿಟ್ಟರು: "ಹಿಟ್ಟಿನ ಗಿರಣಿ ಹಿಂದಿನ ಹಾಸ್ಟೆಲಲ್ಲಿ ಇರೋ ಟೈಲರಮ್ಮ, ಬಂದಿದ್ದೀರಾ?" ಅವಳು ಶೌಚಾಲಯದಿಂದ ಓಡಿಬಂದಳು. ಅರ್ಜಿ ಉಳಿಯಿತು. ಆದರೆ ಅಲ್ಲಿಯವರೆಗೆ ಅವಳಿರುವ ಜಾಗ ಗೊತ್ತಿರದ ಗಂಡ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ.

ಮುಂದಿನ ವಾಯಿದೆಗೆ ಇಬ್ಬರೂ ಜೊತೆಯಾಗಿ ಬಂದರು. ಅವಳ ಬಲಗೈಗೆ ಪ್ಲಾಸ್ಟರ್. ಜಾರಿ ಬಿದ್ದೆ ಎಂದಳು, ಅರ್ಜಿ ವಾಪಸ್ ಪಡೆದಳು. ಸಹಿ ಮಾಡಲಾಗದ ಅವಳ ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿದವರು ಇದೇ ಅಟೆಂಡರಮ್ಮ. "ನನ್ನ ಬಾಯಿಂದಾನೇ ಆಗಿದ್ದು. ಅವಳು ಒಂದು ಮಾತೂ ಬೈಲಿಲ್ಲ ಸಾರ್. ಬೈದಿದ್ರೆ ಚೆನ್ನಾಗಿತ್ತು." ಕಡತದಲ್ಲಿ ಬಿದ್ದ ಷರಾ 'ರಾಜಿಯಾಗಿದೆ'.

ಅಂದಿನಿಂದ ಅವರು ಕೂಗುವ ಮುಂಚೆ ಹುಡುಕುತ್ತಾರೆ. ಹತ್ತು ಗಂಟೆಗೆ ಪಟ್ಟಿ ಹಿಡಿದು ಶೌಚಾಲಯ, ಮೆಟ್ಟಿಲ ಕೆಳಗೆ, ಜೆರಾಕ್ಸ್ ಅಂಗಡಿಯ ಹಿಂದೆ ಒಂದು ಸುತ್ತು. ಇಂದು ಅಲ್ಲಿ ಸಿಕ್ಕವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು, ಕಂಕುಳಲ್ಲಿ ನಾಲ್ಕು ವರ್ಷದ ಮಗಳು. ಗಂಡನಿಗೆ ಗೊತ್ತಿಲ್ಲದ ಕೋಣೆಯೊಂದನ್ನು ನಿನ್ನೆಯಷ್ಟೇ ಬಾಡಿಗೆಗೆ ಹಿಡಿದಿದ್ದಾಳೆ. "ನಿಂದು ಹದಿನೇಳನೇದು ಕಣವ್ವಾ. ಹದಿನಾರು ನಡೀವಾಗ ಬಂದು ಕೆಮ್ತೀನಿ, ಆಗ ಬಂದ್ಬಿಡು" ಎಂದು ಅಟೆಂಡರಮ್ಮ ಅವಳ ಬೆನ್ನು ಸವರುತ್ತಾರೆ.

ಹನ್ನೆರಡೂವರೆಗೆ ಆದೇಶವಾಗುತ್ತದೆ: ಗಂಡ ಅವಳ ಹತ್ತಿರ ಸುಳಿಯಬಾರದು. ಅವಳು ಮಗುವನ್ನು ಎತ್ತಿಕೊಂಡು ದಡದಡನೆ ಮೆಟ್ಟಿಲಿಳಿಯುತ್ತಾಳೆ. ಹಿಂದೆಯೇ ಎದ್ದ ಗಂಡನಿಗೆ ಅಟೆಂಡರಮ್ಮ ಬಾಗಿಲಲ್ಲಿ ಅಡ್ಡ. "ಆದೇಶದ ಕಾಪಿ ಸಹಿ ಮಾಡಿ ತಗೊಂಡ್ಹೋಗ್ಬೇಕು, ಕೂತ್ಕೊಳ್ಳಿ." ಕಾಪಿ ಅವರ ಕಂಕುಳಲ್ಲೇ ಇದೆ, ನನಗೆ ಕಾಣಿಸುತ್ತಿದೆ. ಆದರೂ ರಿಜಿಸ್ಟರ್ ಹುಡುಕುತ್ತಾರೆ, ಪೆನ್ನು ಹುಡುಕುತ್ತಾರೆ, ಸೀಲು ಸರಿಯಾಗಿ ಬಿದ್ದಿಲ್ಲವೆಂದು ಒಳಗೆ ಹೋಗಿ ಬರುತ್ತಾರೆ. ಅವನು ಹಲ್ಲು ಕಡಿಯುತ್ತಾ ಕೂರುತ್ತಾನೆ. ಹೀಗೆ ದಕ್ಕುವುದು ಇಪ್ಪತ್ತು ನಿಮಿಷ. ನ್ಯಾಯಾಲಯ ಕೊಟ್ಟ ಕಾಗದದ ಜೊತೆ ಅವಳಿಗೆ ಸಿಗುವ ಕಾವಲು ಅಷ್ಟೇ.

ಅವಳು ಸುರಕ್ಷಿತವಾಗಿ ಮನೆ ಸೇರಿರಬಹುದೇ ಎಂದು ಕೇಳುತ್ತೇನೆ. ಅಟೆಂಡರಮ್ಮ ಬಿಸಿನೀರು ಗುಟುಕರಿಸಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಹದಿನೆಂಟನೆಯವರನ್ನು ಕರೆಯಬೇಕಿದೆ.

"ಗೊತ್ತಾಗಲ್ಲ ಸಾರ್. ನಂಗಿನ್ನೂ ಏಳು ತಿಂಗಳು ಸರ್ವಿಸ್ ಇದೆ, ಅವಳ ವಾಯಿದೆ ಆರು ವಾರಕ್ಕೆ. ಅವತ್ತು ಕೂಗಿದಾಗ ತಾಯಿ ಮಗು ಇಬ್ರೇ ಬರ್ಲಿ. ಅವನ ಜೊತೆ ಬರೋದು ಬೇಡ."