ಲೈಬ್ರರಿ ಅಕ್ಕ ಓದಿದ ಪ್ರಶ್ನೆಗಳು

ಲೈಬ್ರರಿ ಅಕ್ಕ ಬಾಗಿಲಿಲ್ಲದ ಕಡೆಯೂ ತಲೆ ಬಗ್ಗಿಸಿ ನಡೆಯುತ್ತಿದ್ದರು. ಅಷ್ಟು ಎತ್ತರದ ಹೆಂಗಸನ್ನು ಮಂಗಲ್ಪಾಡಿಯಲ್ಲಿ ನಾನು ಬೇರೆ ಕಂಡಿಲ್ಲ. ಅವರು ನೋಡಿಕೊಳ್ಳುತ್ತಿದ್ದ ವಾಚನಾಲಯದ ಶಟರ್ ಅರ್ಧಕ್ಕೇ ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಅದರಡಿ ನುಸುಳಿ ಕುತ್ತಿಗೆಗೇ ಆ ಅಭ್ಯಾಸ ಹಿಡಿದುಬಿಟ್ಟಿತ್ತು.

ನಾನು ಅಲ್ಲಿಗೆ ಹೋಗತೊಡಗಿದ್ದು ಪುಸ್ತಕದ ಪ್ರೀತಿಯಿಂದಲ್ಲ. ಅದು ಅಮ್ಮ ತೀರಿಕೊಂಡ ವರ್ಷ. ಸೀತಾಂಗೋಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಬಿಲ್ ಬರೆಯುತ್ತಿದ್ದೆ. ಆರ್ಡರ್ ಕಡಿಮೆಯಾಗಿ ಮಾಲಕರು ನನ್ನನ್ನು ಅರ್ಧ ದಿನಕ್ಕೆ, ಅರ್ಧ ಸಂಬಳಕ್ಕೆ ಇಳಿಸಿದ್ದರು. ಮಧ್ಯಾಹ್ನವೇ ಉಪ್ಪಳದ ಬಾಡಿಗೆ ಕೋಣೆಗೆ ಬಂದು ಕೂತರೆ ಮರುದಿನ ಬಸ್ಸಿನಲ್ಲಿ ಟಿಕೆಟ್ ಕೇಳುವವರೆಗೆ ನನ್ನ ಸ್ವರ ನನಗೇ ಕೇಳುತ್ತಿರಲಿಲ್ಲ. ವಾಚನಾಲಯದಲ್ಲಿ ಫ್ಯಾನ್ ಇತ್ತು, ಇನ್ನೊಂದು ಜೀವ ಇತ್ತು. ಪೇಪರ್ ಓದುವ ಹಿರಿಯರು ಬೆಳಿಗ್ಗೆಯೇ ಬಂದು ಹೋಗಿರುತ್ತಿದ್ದರು. ಆಮೇಲೆ ನಾವಿಬ್ಬರೇ. ತಿಂಗಳುಗಟ್ಟಲೆ ನಾವು ಹೆಚ್ಚು ಮಾತಾಡಿದ್ದೂ ಇಲ್ಲ.

ಒಂದು ದಿನ ಅವರೇ ಕೇಳಿದರು. "ಎಂತ ಅದು, ಅಷ್ಟು ಹೊತ್ತಿನಿಂದ ಒಂದೇ ಪುಟ ನೋಡ್ತಾ ಇದ್ದಿ?"

ಪೇಪರಿನ ಜಾಹೀರಾತು. ಕಾಸರಗೋಡು ಪೇಟೆಯ ಒಂದು ತರಬೇತಿ ಕೇಂದ್ರದ್ದು. ಒಂದು ವರ್ಷದಲ್ಲಿ ಆರು ಕಂಪ್ಯೂಟರ್ ಸರ್ಟಿಫಿಕೇಟ್, ಕೆಲಸ ಖಂಡಿತ. "ಫೀಸು ಜಾಸ್ತಿ ಅಕ್ಕ. ಅಮ್ಮನ ಬಳೆ ಉಂಟು, ಅಡವಿಟ್ಟರೆ ಸೇರಬಹುದು" ಎಂದೆ.

ಅವರು ಪೇಪರನ್ನು ತಮ್ಮ ಕಡೆಗೆ ತಿರುಗಿಸಿ ಕೊನೆಯ ಸಾಲಿನವರೆಗೂ ಓದಿದರು. "ನನಗೆ ಕಂಪ್ಯೂಟರ್ ಗೊತ್ತಿಲ್ಲ ಮಾರಾಯ್ತಿ. ಆದರೆ ಕೇಳ್ಲಿಕ್ಕೆ ಗೊತ್ತುಂಟು. ಸೋಮವಾರ ವಾಚನಾಲಯಕ್ಕೆ ರಜೆ, ನೀನೂ ಒಂದು ದಿನ ರಜೆ ಹಾಕು, ಬೆಳಿಗ್ಗೆಯೇ ಹೋಗುವ. ಬಳೆ ತರಬೇಡ."

ತರಬೇತಿ ಕೇಂದ್ರದ ತಣ್ಣಗಿನ ಕೋಣೆಯಲ್ಲಿ ಟೈ ಕಟ್ಟಿದ ಯುವಕ ನಮಗೆ ಜ್ಯೂಸ್ ಕೊಟ್ಟು, ಬಣ್ಣದ ಪುಸ್ತಕ ಬಿಡಿಸಿ ವಿವರಿಸಿದ. ಅಕ್ಕ ಜ್ಯೂಸ್ ಮುಟ್ಟಲಿಲ್ಲ. "ಈ ಆರರಲ್ಲಿ ಹೊರಗೆ ನಡೆಯುವ ಪರೀಕ್ಷೆ ಎಷ್ಟು? ನೀವೇ ಅಚ್ಚು ಮಾಡಿಸಿ ಕೊಡುವುದು ಎಷ್ಟು?" ಎಂದು ಕೇಳಿದರು. ಅವನು ಪುಟ ತಿರುವಿದ. ಹೊರಗಿನದು ಒಂದೇ. "ಆ ಪರೀಕ್ಷೆಯ ಶುಲ್ಕ ಇದರಲ್ಲಿ ಸೇರಿದೆಯಾ?" ಸೇರಿರಲಿಲ್ಲ. "ಇಲ್ಲಿ ಕಲಿತು ಕೆಲಸ ಸಿಕ್ಕಿದ ಒಬ್ಬರ ಫೋನ್ ನಂಬರ್ ಕೊಡಿ, ನಾನೇ ಮಾತಾಡ್ತೇನೆ." ಅವನು ಮ್ಯಾನೇಜರನ್ನು ಕರೆಯಲು ಎದ್ದ. ಅಕ್ಕ ಅವನಿಗಿಂತ ಮೊದಲೇ ಎದ್ದಿದ್ದರು.

ನಾನು ಮೆಟ್ಟಿಲ ಮೇಲೆ ಅತ್ತುಬಿಟ್ಟೆ. ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಸಿಕ್ಕಿದ ಒಂದು ದಾರಿಯೂ ಮುಚ್ಚಿತೆಂದು ಅವರ ಮೇಲೆ ಸಿಟ್ಟೂ ಬಂದಿತ್ತು. ಅವರು ಸಮಾಧಾನ ಮಾಡಲಿಲ್ಲ. ನೇರ ವಿದ್ಯಾನಗರದ ಬಸ್ ಹತ್ತಿಸಿದರು. ಅಲ್ಲಿನ ಒಂದು ಕಚೇರಿಯಲ್ಲಿ ಮೇಜಿನಡಿ ಬಗ್ಗಿ ಕಂಪ್ಯೂಟರಿನ ಕೇಬಲ್ ಎಳೆಯುತ್ತಿದ್ದವನ ಹತ್ತಿರ ಹೋಗಿ, ತಾವೂ ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಮಗಾ, ನಿನಗೆ ಈ ಕೆಲಸ ಎಂತ ಕಾಗದ ತೋರಿಸಿದ್ದಕ್ಕೆ ಸಿಕ್ಕಿತು?" ಎಂದು ಕೇಳಿದರು.

ಅವನು ಕೇಬಲ್ ಬಿಡದೆಯೇ ಹೇಳಿದ. ನೆಟ್‌ವರ್ಕ್ ವಿಷಯದ ಮೊದಲ ಹಂತದ ಪರೀಕ್ಷೆ ಒಂದೇ ಸಾಕು. ಕಲಿಯಲಿಕ್ಕೆ ದುಡ್ಡು ಬೇಡ, ಪಾಠವೆಲ್ಲ ಮೊಬೈಲಿನಲ್ಲೇ ಸಿಗುತ್ತದೆ. ಪರೀಕ್ಷೆಗೆ ಮಾತ್ರ ಕಟ್ಟಬೇಕು. "ಆದರೆ ಫೇಲಾದರೆ ಕಟ್ಟಿದ್ದು ಹೋಯ್ತು ಅಮ್ಮ. ಗಟ್ಟಿ ಆದ ಮೇಲೆ ಮಾತ್ರ ಕಟ್ಟಿ."

ಹಾಗೆ ಬಳೆ ಪೆಟ್ಟಿಗೆಯಲ್ಲೇ ಉಳಿಯಿತು. ನಾನು ಏಳು ತಿಂಗಳು ಅರ್ಧ ಸಂಬಳದಲ್ಲಿ ಉಳಿಸಿದೆ, ವಾಚನಾಲಯದ ಮೂಲೆಯ ಮೇಜಿನಲ್ಲಿ ಓದಿದೆ. ಮಾದರಿ ಪ್ರಶ್ನೆಗಳನ್ನು ಅಚ್ಚು ಹಾಕಿಸಿ ತಂದಾಗ ಅಕ್ಕ ಆ ಹಾಳೆಗಳನ್ನು ಕೈಗೆ ತೆಗೆದುಕೊಂಡರು. ಅವರು ಕನ್ನಡ ಶಾಲೆಯಲ್ಲಿ ಓದಿದವರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅಕ್ಷರ ಅಕ್ಷರ ಕೂಡಿಸಿ, ಪೂರ್ಣವಿರಾಮಕ್ಕೆ ನಿಂತು, ಪಾಠ ಒಪ್ಪಿಸುವ ಮಗುವಿನ ಹಾಗೆ ಓದುತ್ತಿದ್ದರು. ನಾನು ಉತ್ತರ ಹೇಳಬೇಕು.

"ಮೊನ್ನೆ ಇದಕ್ಕೆ ಸಿ ಅಂತ ಹೇಳಿದ್ದಿ. ಇವತ್ತು ಬಿ ಅಂತಿ. ಯಾಕೆ?"

"ಅದು ಅರ್ಥ ಆಗ್ಲಿಕ್ಕೆ ಕಷ್ಟ ಅಕ್ಕ."

"ನನಗೆ ಅರ್ಥ ಆಗುವ ಹಾಗೆ ಹೇಳು. ನಿನಗೆ ಹೇಳ್ಲಿಕ್ಕೆ ಆಗದಿದ್ದರೆ ನಿನಗೂ ಅರ್ಥ ಆಗ್ಲಿಲ್ಲ ಅಂತ ಲೆಕ್ಕ."

ಹೇಳಲು ಹೊರಟಾಗಲೇ ನನಗೆ ಗೊತ್ತಿಲ್ಲದ್ದು ಗೊತ್ತಾಗುತ್ತಿತ್ತು. ದಿನಾ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ನಾನು ಅವರನ್ನು ಏನೂ ಕೇಳಲಿಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದು ಕೂಡ.

ಪರೀಕ್ಷೆ ಮಂಗಳೂರಿನಲ್ಲಿ, ಸೋಮವಾರ. "ನನಗೂ ಅಲ್ಲಿ ಸ್ವಲ್ಪ ಕೆಲಸ ಉಂಟು" ಎಂದು ಅಕ್ಕ ಜೊತೆಗೆ ಬಂದರು. ಒಂದು ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುತ್ತಾ, "ಗಡಿಬಿಡಿ ಮಾಡ್ಬೇಡ, ಪ್ರಶ್ನೆ ಎರಡು ಸಲ ಓದು" ಎಂದರು. ಸಂಜೆ ಪಾಸಾದ ಕಾಗದ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದಾಗ ಅವರು ಬೆಂಚಿನಲ್ಲಿ ಕಾಯುತ್ತಿದ್ದರು. ಕಾಗದವನ್ನು ಪೂರ್ತಿ ಓದಿ, ನನ್ನ ಬೆನ್ನ ಮೇಲೆ ಕೈಯಿಟ್ಟು, "ಆಯ್ತಲ್ಲ" ಎಂದರು. ಉಪ್ಪಳದವರೆಗೆ ನಾನೊಬ್ಬಳೇ ಮಾತಾಡಿದೆ. ಅವರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ಆ ದಿನ ಆಸ್ಪತ್ರೆಯಲ್ಲಿ ಅವರಿಗೆ ಕ್ಯಾನ್ಸರಿನ ಮದ್ದು ಏರಿಸಿದ್ದರು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಸುಸ್ತಾಗಿದೆ ಅಂದುಕೊಂಡಿದ್ದೆ.

ಮಂಗಳೂರಿನ ಕಾಲೇಜೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಸಿಕ್ಕಿ ನಾನು ಅಲ್ಲಿಯ ಹಾಸ್ಟೆಲಿಗೆ ಹೋದೆ. ಮೊದಮೊದಲು ಪ್ರತಿ ಭಾನುವಾರ ಫೋನ್ ಮಾಡಿದೆ. ಆಮೇಲೆ ಹಬ್ಬಕ್ಕೆ. ಆಮೇಲೆ ಒಂದು ದಿನ ಉಪ್ಪಳದ ಪರಿಚಯದವರೊಬ್ಬರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅಕ್ಕ ತೀರಿಹೋದ ಸುದ್ದಿ ನೋಡಿದೆ. ದಹನ ಮುಗಿದು ಎರಡು ದಿನವಾಗಿತ್ತು.

ಅವರ ಮನೆಗೆ ಹೋದದ್ದು ಅದೇ ಮೊದಲ ಸಲ. ಪೆರ್ಲದಿಂದ ಬಂದಿದ್ದ ತಂಗಿಯೊಬ್ಬರೇ ಇದ್ದರು. "ಪರೀಕ್ಷೆ ಬರೆದವರು ನೀವಾ? ಅಕ್ಕ ಹೇಳಿದ್ದಳು" ಎಂದು ಒಳಗೆ ಕರೆದರು. ಚಿಕಿತ್ಸೆಗೆ ಅಕ್ಕ ಪ್ರತಿ ಸಲ ಒಬ್ಬರೇ ಹೋಗುತ್ತಿದ್ದುದನ್ನು, ತಂಗಿಗೂ ಕೊನೆಯ ತಿಂಗಳಲ್ಲಷ್ಟೇ ಹೇಳಿದ್ದನ್ನು ತಿಳಿಸಿದರು.

ಆಮೇಲೆ ಸಂಕೋಚದಿಂದ ಕೇಳಿದರು. "ನಿಮ್ಮ ಹತ್ರ ಅಕ್ಕನ ಒಂದು ಫೋಟೋ ಉಂಟಾ? ಫ್ರೇಮ್ ಹಾಕ್ಲಿಕ್ಕೆ. ಆಧಾರ್ ಕಾರ್ಡಿನದ್ದು ಮಾತ್ರ ಇರುವುದು, ಅದರಲ್ಲಿ ಅವಳು ಅವಳ ಹಾಗೆ ಕಾಣುವುದಿಲ್ಲ."

ನಾನು ಮೊಬೈಲ್ ತೆಗೆದೆ. ಏಳು ತಿಂಗಳು ದಿನವೂ ಎದುರು ಕೂತವರು. ನೂರಾರು ಚಿತ್ರಗಳನ್ನು ಸರಿಸಿದೆ. ಎಲ್ಲ ಪ್ರಶ್ನೆ, ಪಾಠ, ಪಟ್ಟಿ. ಅವರ ಮುಖ ಒಂದರಲ್ಲೂ ಇರಲಿಲ್ಲ. ಕೊನೆಗೆ ಒಂದು ಸಿಕ್ಕಿತು. ಮಾದರಿ ಪ್ರಶ್ನೆಯ ಹಾಳೆ ಫ್ಯಾನಿನ ಗಾಳಿಗೆ ಹಾರದಂತೆ ಅಂಚಿನಲ್ಲಿ ಒತ್ತಿ ಹಿಡಿದ ನಾಲ್ಕು ಉದ್ದ ಬೆರಳುಗಳು.

ನಾಚಿಕೆಯಿಂದ ಅದನ್ನೇ ತೋರಿಸಿದೆ. ತಂಗಿ ಮೊಬೈಲನ್ನು ಕೈಗೆ ತೆಗೆದುಕೊಂಡು ಆ ಬೆರಳುಗಳನ್ನು ದೊಡ್ಡದು ಮಾಡಿ ನೋಡಿದರು.

"ಅಕ್ಕನದ್ದೇ" ಎಂದರು. "ಇದನ್ನೇ ಕಳಿಸಿ."